ಕೇಬಲ್ ಎಳೆದಿದ್ದು ಯಾರು?

ನಮ್ಮ ಕ್ಯಾಂಪಸ್‌ನಲ್ಲಿ ನೆಟ್ ಹೋಯ್ತು ಅಂದ್ರೆ ಮೊದಲು ಬೈಸಿಕೊಳ್ಳೋದು ಕೇಬಲ್. ಆಮೇಲೆ, ಕೇಬಲ್ ಹತ್ತಿರ ಕಸ ಗುಡಿಸಿದವರು. ಕಳೆದ ವರ್ಷ ಒಂದು ಸೋಮವಾರ ಡಿಪಾರ್ಟ್‌ಮೆಂಟ್ ಸರ್ವರ್ ಐಪಿ ಇಲ್ಲದೆ ಕೂತಾಗಲೂ ಹಾಗೇ ಆಯ್ತು. ಶನಿವಾರ ಸಂಜೆ ಲ್ಯಾಬ್ ಗುಡಿಸಿದ್ದು ಅಟೆಂಡರ್ ಅಣ್ಣ. "ನೀನೇ ಏನೋ ಎಳೆದಿರ್ತೀಯ" ಅಂತ ಎಲ್ಲರ ಎದುರಿಗೇ ಅಂದುಬಿಟ್ಟರು. ಅವರದ್ದು ಕಾಂಟ್ರಾಕ್ಟ್ ಕೆಲಸ, ಅದೂ ರಿನ್ಯೂವಲ್ ತಿಂಗಳು. "ರ‍್ಯಾಕ್ ಹತ್ರಾನೇ ಹೋಗಿಲ್ಲ ಸರ್" ಅಂದಿದ್ದನ್ನ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಮೂರು ತಂಡಗಳ ಪ್ರಾಜೆಕ್ಟ್ ಡೇಟಾ ಅದರೊಳಗಿತ್ತು, ಗುರುವಾರ ರಿವ್ಯೂ. ಎಲ್ಲರಿಗೂ ತಲೆ ಬಿಸಿ.

ಕೇಬಲ್ ಬದಲಾಯಿಸಿದರು, ಸ್ವಿಚ್ ಪೋರ್ಟ್ ಬದಲಾಯಿಸಿದರು. ಉಪಯೋಗ ಇಲ್ಲ. ನನಗೆ ಮಾತ್ರ ಪೋರ್ಟ್‌ನ ಹಸಿರು ಲೈಟ್ ಕಾಣ್ತಾ ಇತ್ತು. ತಂತಿ ಸರಿಯಿಲ್ಲದಿದ್ರೆ ಅದು ಹೇಗೆ ಉರಿಯುತ್ತೆ?

ಡಿಎಚ್‌ಸಿಪಿ ನಡೆಯೋದು ನಾಲ್ಕೇ ಮಾತಲ್ಲಿ. ಹೊಸದಾಗಿ ಬಂದ ಯಂತ್ರಕ್ಕೆ ಯಾರ ವಿಳಾಸವೂ ಗೊತ್ತಿರಲ್ಲ. ಹಾಸ್ಟೆಲ್ ಬಾಗಿಲಲ್ಲಿ ಟ್ರಂಕ್ ಇಟ್ಟುಕೊಂಡು ನಿಂತ ಫಸ್ಟ್ ಇಯರ್ ಹುಡುಗನ ಥರ "ರೂಮ್ ಕೊಡೋರು ಯಾರಾದ್ರೂ ಇದೀರಾ?" ಅಂತ ಎಲ್ಲರಿಗೂ ಕೇಳೋ ಹಾಗೆ ಕೂಗುತ್ತೆ, ಅದು ಡಿಸ್ಕವರ್. "ಈ ರೂಮ್ ಇದೆ" ಅನ್ನೋದು ಆಫರ್. "ಅದನ್ನೇ ಕೊಡಿ" ರಿಕ್ವೆಸ್ಟ್, "ತಗೋ" ಅಕ್ನಾಲೆಜ್. ಸರ್ವರ್ ಕಡೆ ಪೋರ್ಟ್ 67, ಕೇಳೋರ ಕಡೆ 68. ನಮ್ಮಲ್ಲಿ ಸರ್ವರ್‌ಗಳಿಗೂ ಹೀಗೇ. ಮ್ಯಾಕ್ ಅಡ್ರೆಸ್ ನೋಡಿ ಯಾವಾಗಲೂ ಅದೇ ಐಪಿ ಕೊಡ್ತಾರೆ.

ಹಾಗಾಗಿ ನಾನು ನೋಡಬೇಕಿದ್ದದ್ದು ಒಂದೇ: ಕೂಗಿದ್ದಕ್ಕೆ ಉತ್ತರ ಬರ್ತಿಲ್ವಾ, ಅಥವಾ ಕೂಗೇ ಹೊರಡ್ತಿಲ್ವಾ? ಟಿಸಿಪಿ ಡಂಪ್ ಹಾಕಿ ಕೂತೆ. 67ರಲ್ಲೂ ಇಲ್ಲ, 68ರಲ್ಲೂ ಇಲ್ಲ, ನಮ್ಮ ಯಂತ್ರದಿಂದ ಒಂದು ಪ್ಯಾಕೆಟ್ ಕೂಡ ಹೊರಟಿಲ್ಲ. ಬಾಯೇ ಬಿಡದವನಿಗೆ ರೂಮ್ ಕೊಡಲಿಲ್ಲ ಅಂತ ವಾರ್ಡನ್‌ನ ಬೈದು ಏನು ಪ್ರಯೋಜನ?

ರೀಬೂಟ್ ದಾಖಲೆ ತೆಗೆದೆ. ಭಾನುವಾರ ಬೆಳಗಿನ ಜಾವ 3ಕ್ಕೆ ಕರೆಂಟ್ ಹೋಗಿ, ಯುಪಿಎಸ್ ಕೈಕೊಟ್ಟು, ಯಂತ್ರ ತಾನಾಗಿ ಮತ್ತೆ ಎದ್ದಿತ್ತು. ಎದ್ದದ್ದು ಹೊಸ ಕರ್ನಲ್‌ನಲ್ಲಿ: ಹಳೆಯದು 6.5, ಹೊಸದು 6.8. ಅಪ್‌ಡೇಟ್ ಯಾವಾಗಲೋ ಇನ್‌ಸ್ಟಾಲ್ ಆಗಿ, ರೀಬೂಟ್‌ಗೆ ಕಾಯ್ತಾ ಕೂತಿತ್ತು. ಗ್ರಬ್ ಮೆನುವಿನಲ್ಲಿ ಹಳೆ ಕರ್ನಲ್ ಆರಿಸಿದೆ. ಅದೇ ಕೇಬಲ್, ಅದೇ ಪೋರ್ಟ್. ಐಪಿ ಬಂತು! ಪ್ರಾಜೆಕ್ಟ್‌ನವರು ಓಡಿ ಬಂದು ಡೇಟಾ ಕಾಪಿ ಮಾಡ್ಕೊಂಡ್ರು. ಅಲ್ಲಿಗೇ ನಿಲ್ಲಿಸಿಬಿಡು ಅಂತಲೂ ಹೇಳಿದ್ರು. ಆದ್ರೆ ಕಾರಣ ಹೇಳದೆ "ಸರಿ ಹೋಯ್ತು" ಅಂದ್ರೆ, ಅಣ್ಣನೇ ಕೇಬಲ್ ಎಳೆದಿದ್ದ, ಯಾರೋ ಸಿಕ್ಕಿಸಿದ್ರು ಅಂತಲೇ ಉಳಿದುಬಿಡುತ್ತೆ.

ಎರಡೂ ಕರ್ನಲ್‌ಗಳ ಲಾಗ್ ಪಕ್ಕಪಕ್ಕ ಇಟ್ಟು ನೋಡಿದಾಗ ಸಿಕ್ಕಿತು. ನೆಟ್‌ವರ್ಕ್ ಕಾರ್ಡ್ ಇಂಟೆಲ್ ಎಕ್ಸ್710. ಹಳೆ ಕರ್ನಲ್‌ನಲ್ಲಿ ಅದರ ಹೆಸರು 'ಇಎನ್‌ಪಿ2ಎಸ್0ಎಫ್0': ಈಥರ್ನೆಟ್, ಪಿಸಿಐ ಬಸ್ 2, ಸ್ಲಾಟ್ 0, ಫಂಕ್ಷನ್ 0. ಹೊಸ ಕರ್ನಲ್‌ನ ಡ್ರೈವರ್ ಪೋರ್ಟ್‌ನ ಹೆಸರನ್ನೂ ಹೇಳೋಕೆ ಶುರು ಮಾಡಿದೆ, ಹಾಗಾಗಿ ಬಾಲಕ್ಕೆ 'ಎನ್‌ಪಿ0' ಸೇರಿದೆ. ನೆಟ್‌ಪ್ಲಾನ್ ಫೈಲ್‌ನಲ್ಲಿ ಇದ್ದದ್ದು ಹಳೆ ಹೆಸರು. ಆ ಹೆಸರಿನವರು ಯಾರೂ ಇಲ್ಲ, ಹೊಸ ಹೆಸರಿನವನಿಗೆ ಯಾರೂ ಕೆಲಸ ಹೇಳಿಲ್ಲ. ಬೂಟ್ ಆಗುವಾಗ ಎರಡು ನಿಮಿಷ ಸುಮ್ಮನೆ ನಿಲ್ತಿದ್ದದ್ದೂ ಇದಕ್ಕೇ. 2013ರಲ್ಲಿ ಸಿಸ್ಟಮ್‌ಡಿ ಈ ಪದ್ಧತಿ ತಂದಾಗ ಇದಕ್ಕಿಟ್ಟ ಹೆಸರು 'ಪ್ರಿಡಿಕ್ಟಬಲ್' ಅಂತೆ, ನಗು ಬರುತ್ತೆ.

ಫೈಲ್‌ನಲ್ಲಿ ಹೆಸರಿನ ಬದಲು ಮ್ಯಾಕ್ ಅಡ್ರೆಸ್‌ನಿಂದ ಗುರುತು ಹಿಡಿಯೋ ಹಾಗೆ ಬರೆದು, 'ಲ್ಯಾನ್0' ಅಂತ ನಾವೇ ನಾಮಕರಣ ಮಾಡಿದ್ವಿ. ಹೊಸ ಕರ್ನಲ್‌ನಲ್ಲೇ ಎದ್ದಿತು. ಟಿಸಿಪಿ ಡಂಪ್‌ನಲ್ಲಿ ನಾಲ್ಕೂ ಮಾತು ಸಾಲಾಗಿ ಬಂದವು.

ಎರಡು ಲಾಗ್‌ಗಳನ್ನೂ ರೀಬೂಟ್ ಸಮಯವನ್ನೂ ಪ್ರಿಂಟ್ ತೆಗೆದು ಸರ್ ಟೇಬಲ್ ಮೇಲಿಟ್ಟೆ. ಓದಿ, "ಹ್ಞೂಂ, ಕರ್ನಲ್" ಅಂದ್ರು. ಸಾರಿ ಗೀರಿ ಏನಿಲ್ಲ. ಆದ್ರೆ ಮಧ್ಯಾಹ್ನ ಲ್ಯಾಬ್‌ಗೆ ಬಂದು, ಬೆಳಿಗ್ಗೆ ಇದ್ದವರೆಲ್ಲ ಇರುವಾಗಲೇ, "ಅವನದ್ದೇನೂ ಇಲ್ಲ ಕಣ್ರೋ, ಸಾಫ್ಟ್‌ವೇರ್ ಪ್ರಾಬ್ಲಮ್" ಅಂತ ಹೇಳಿ ಹೋದ್ರು.

ಅಟೆಂಡರ್ ಅಣ್ಣ ಆ ಪ್ರಿಂಟ್‌ನ ಒಂದು ಝೆರಾಕ್ಸ್ ಕೇಳಿದ್ರು. "ಇಂಗ್ಲಿಷ್‌ನಲ್ಲಿದೆಯಲ್ಲಣ್ಣ" ಅಂದೆ. "ಇರ್ಲಿ ಬಿಡಪ್ಪ, 3 ಗಂಟೆ ಅಂತ ಇರೋದು ಓದೋಕೆ ಬರುತ್ತೆ" ಅಂತ ಮಡಚಿ ಜೇಬಿಗಿಟ್ಟುಕೊಂಡರು.