ಸುಂಕದ ಲೆಕ್ಕ, ಶ್ರಾವಕನ ಲೆಕ್ಕ

ಕನ್ನಡ ನಾಡಿಗೆ ಸುಂಕ ಹೊಸದಲ್ಲ. ನಮ್ಮ ಶಾಸನಗಳಲ್ಲಿ ‘ಸುಂಕ’, ‘ಹೆಜ್ಜುಂಕ’ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಸುಂಕದ ಆದಾಯವನ್ನೇ ಬಸದಿಗೆ, ದೇಗುಲಕ್ಕೆ ಬಿಟ್ಟುಕೊಟ್ಟ ದಾನಗಳೂ ಅವುಗಳಲ್ಲಿ ದಾಖಲಾಗಿವೆ. ‘ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಹೇರೆತ್ತುಗಳ ಕಾಲದ ವ್ಯಾಪಾರಿಯ ಅನುಭವದಿಂದಲೇ ಹುಟ್ಟಿರಬೇಕು. ನನ್ನ ಬಾಲ್ಯದಲ್ಲಿ ಊರ ಹೊರಗೆ ಜಕಾತಿ ನಾಕೆಯಿತ್ತು. 1979ರಲ್ಲಿ ಕರ್ನಾಟಕದಲ್ಲಿ ಆ ಪದ್ಧತಿ ಹೋಗಿ ಪ್ರವೇಶ ತೆರಿಗೆ ಬಂದಿತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಅದೂ ಹೋಯಿತು. ಆದರೆ ನಾಕೆ ಎಲ್ಲಿಯೂ ಹೋಗಿಲ್ಲ. ಮನೆಯಲ್ಲಿ ಕುಳಿತು ಕಡಲಾಚೆಯ ಅಂಗಡಿಯಿಂದ ಸರಕು ತರಿಸುವ ಗೃಹಸ್ಥನ ಬಾಗಿಲಿಗೇ ಅದು ಬಂದು ನಿಂತಿದೆ.

ವ್ಯಾಪಾರಿಯಾದ ನನಗೆ ಬಿಲ್ಲನ್ನು ಸಾಲುಸಾಲಾಗಿ ಓದುವುದು ರೂಢಿ. 2022ರಲ್ಲಿ ಪ್ರಾಕೃತ ವ್ಯಾಕರಣದ ಒಂದು ಹಳೆಯ ಗ್ರಂಥವನ್ನು ಇಂಗ್ಲೆಂಡಿನ ಮಾರಾಟಗಾರರಿಂದ ಅಂತರ್ಜಾಲದ ಮೂಲಕ ತರಿಸಿಕೊಂಡೆ. ಪುಸ್ತಕದ ಬೆಲೆ 40 ಪೌಂಡ್, ಸಾಗಣೆ 22 ಪೌಂಡ್. ನಮ್ಮ ದೇಶದಲ್ಲಿ ಆಮದಾಗುವ ಮುದ್ರಿತ ಪುಸ್ತಕಗಳ ಮೇಲೆ 2019ರ ಜುಲೈ ಬಜೆಟ್ಟಿನಲ್ಲಿ ಶೇಕಡಾ 5ರ ಸುಂಕ ವಿಧಿಸಲಾಗಿತ್ತು. ಅದನ್ನು ಬಲ್ಲವನಾದುದರಿಂದ ಸಿದ್ಧನಾಗಿಯೇ ಇದ್ದೆ. ಕೊರಿಯರ್ ಸಂಸ್ಥೆಯ ಬಿಲ್ಲಿನಲ್ಲಿ ಸರ್ಕಾರಕ್ಕೆ ಸಲ್ಲಬೇಕಾದ ಸುಂಕ ಸುಮಾರು 250 ರೂಪಾಯಿ ಇತ್ತು. ಅದರ ಕೆಳಗೆ, ಆ ಸುಂಕವನ್ನು ನನ್ನ ಪರವಾಗಿ ಮುಂಗಡ ಕಟ್ಟಿದ್ದಕ್ಕೆ ಸೇವಾಶುಲ್ಕ 500, ಅದರ ಮೇಲಿನ ಜಿ.ಎಸ್.ಟಿ. 90 ರೂಪಾಯಿ. ಸುಂಕಕ್ಕಿಂತ ಅದನ್ನು ಮುಟ್ಟಿಸಿದ ಖರ್ಚು ಎರಡು ಪಟ್ಟಿಗೂ ಮಿಗಿಲು!

ಇಂತಹ ಬಿಲ್ಲು ಕಂಡೊಡನೆ ಜನರು ‘ಸುಂಕ ಸುಲಿಗೆ’ ಎನ್ನುತ್ತಾರೆ. ಸುಂಕ ಬೇರೆ, ಶುಲ್ಕ ಬೇರೆ. ಇವೆರಡನ್ನು ಬೇರ್ಪಡಿಸದೆ ನ್ಯಾಯಾನ್ಯಾಯದ ವಿಚಾರ ಸಾಗದು. ಆದುದರಿಂದ ಲೆಕ್ಕದ ಕ್ರಮವನ್ನು ಮೊದಲು ತಿಳಿಯೋಣ. ಸುಂಕ ಬೀಳುವುದು ವಸ್ತುವಿನ ಬೆಲೆಯ ಮೇಲೆ ಮಾತ್ರವಲ್ಲ. ಸಾಗಣೆ ಮತ್ತು ವಿಮೆಯನ್ನು ಕೂಡಿಸಿದ ಮೌಲ್ಯದ ಮೇಲೆ. ವಸ್ತುವಿಗೆ 10,000, ಸಾಗಣೆಗೆ 1,900, ವಿಮೆಗೆ 100 ರೂಪಾಯಿ ಎಂದಿಟ್ಟುಕೊಂಡರೆ ಮೌಲ್ಯ 12,000. ಲೆಕ್ಕಕ್ಕಾಗಿ ಮೂಲ ಸುಂಕ ಶೇಕಡಾ 10 ಎಂದುಕೊಳ್ಳೋಣ: 1,200. ಆ ಸುಂಕದ ಮೇಲೆ ಶೇಕಡಾ 10ರ ಸಮಾಜ ಕಲ್ಯಾಣ ಸರ್ಚಾರ್ಜ್: 120. ಇವೆಲ್ಲ ಕೂಡಿದ 13,320ರ ಮೇಲೆ ಐ.ಜಿ.ಎಸ್.ಟಿ. ಶೇಕಡಾ 18 ಆದರೆ 2,397 ರೂಪಾಯಿ 60 ಪೈಸೆ. ಒಟ್ಟು ಭಾರ 3,717 ರೂಪಾಯಿ 60 ಪೈಸೆ. ಸಾಗಣೆ ಮತ್ತು ವಿಮೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅದು 3,098 ಆಗುತ್ತಿತ್ತು. ದರಗಳು ವಸ್ತುವಿನಿಂದ ವಸ್ತುವಿಗೂ ಬಜೆಟ್ಟಿನಿಂದ ಬಜೆಟ್ಟಿಗೂ ಬದಲಾಗುತ್ತವೆ. ಲೆಕ್ಕದ ಮೆಟ್ಟಿಲುಗಳು ಇವೇ. ಇಲ್ಲಿ ಗ್ರಾಹಕನಿಗೆ ಒಂದು ರಕ್ಷಣೆಯೂ ಇದೆ. 2007ರ ಮೌಲ್ಯನಿರ್ಣಯ ನಿಯಮಗಳಂತೆ, ವಿಮಾನದಲ್ಲಿ ಬಂದ ಸರಕಿನ ಸಾಗಣೆವೆಚ್ಚವನ್ನು ವಸ್ತುವಿನ ಬೆಲೆಯ ಶೇಕಡಾ 20ಕ್ಕಿಂತ ಹೆಚ್ಚಾಗಿ ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ. ನನ್ನ ಪುಸ್ತಕದ ಸಾಗಣೆ 22 ಪೌಂಡ್ ಆಗಿದ್ದರೂ ಸುಂಕಕ್ಕೆ ಒಳಪಡುವುದು 8 ಪೌಂಡ್ ಮಾತ್ರ.

ಸಾಗಣೆಯ ದರಕ್ಕೂ ಒಂದು ಮರ್ಮವಿದೆ. ಕೊರಿಯರ್ ಸಂಸ್ಥೆಗಳು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ; ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ, ಬಂದ ಅಂಕಿಯನ್ನು ಕಿಲೋ ಎಂದು ಎಣಿಸುತ್ತವೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. 40, 30, 20 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಒಂದು ಕಿಲೋ ವಸ್ತುವಿದ್ದರೂ ಅದು 4.8 ಕಿಲೋ ಆಗುತ್ತದೆ. ವಿಮಾನದಲ್ಲಿ ಸ್ಥಳಕ್ಕೂ ಬೆಲೆಯಿರುವುದರಿಂದ ಇದನ್ನು ಅನ್ಯಾಯವೆನ್ನಲಾಗದು. ಆದರೆ ಮುಂಚಿತವಾಗಿ ತಿಳಿಸದಿದ್ದರೆ ಅದೇ ಲೆಕ್ಕ ಕಪಟವಾಗುತ್ತದೆ.

ನನ್ನ ಬಿಲ್ಲಿನ ಸಂಗತಿ ತಿಳಿದು, ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗ ದೂರವಾಣಿಯಲ್ಲಿ ಹೇಳಿದ: “ಮಾವ, ಮುಂದಿನ ಸಲ ನನಗೆ ಹೇಳಿ. ನಾನೇ ಇಲ್ಲಿ ಕೊಂಡು, ಉಡುಗೊರೆ ಎಂದು ಬರೆದು, ಬೆಲೆ ಹತ್ತು ಪೌಂಡ್ ಎಂದು ನಮೂದಿಸಿ ಅಂಚೆಯಲ್ಲಿ ಕಳುಹಿಸುತ್ತೇನೆ. ಎಲ್ಲರೂ ಹಾಗೆಯೇ ಮಾಡುತ್ತಾರೆ.” ನಾನು ಬೇಡವೆಂದೆ. ಪ್ರೀತಿಯಿಂದ ಆಡಿದ ಮಾತನ್ನು ತಳ್ಳಿದೆನೆಂದು ಅವನಿಗೆ ಬೇಸರವಾಯಿತು. “ಇದರಿಂದ ಯಾರಿಗೆ ನಷ್ಟ, ಮಾವ?” ಎಂದು ಕೇಳಿದ. ಪ್ರಶ್ನೆ ಪ್ರಾಮಾಣಿಕವಾದುದು; ಆದುದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ನಿರ್ದಿಷ್ಟ ಬೆಲೆಯೊಳಗಿನ ಉಡುಗೊರೆಗಳಿಗೆ ಹಿಂದೆ ನಮ್ಮಲ್ಲಿ ಸುಂಕದ ವಿನಾಯಿತಿಯಿತ್ತು. ಅದು ಪ್ರೀತಿಯ ವಸ್ತುಗಳಿಗಾಗಿ ಇಟ್ಟ ಕಿಟಕಿ. ಅಂತರ್ಜಾಲದ ಅಂಗಡಿಗಳಿಂದ ಕೊಂಡ ಸರಕುಗಳೂ ಉಡುಗೊರೆಯ ಹೆಸರಿನಲ್ಲಿ ಅದೇ ಕಿಟಕಿಯಿಂದ ನುಗ್ಗತೊಡಗಿದವು. 2019ರ ಡಿಸೆಂಬರ್ 12ರ ಅಧಿಸೂಚನೆಯಿಂದ ಕಿಟಕಿ ಮುಚ್ಚಿತು. ಜೀವರಕ್ಷಕ ಔಷಧಿ ಮತ್ತು ರಾಖಿಗಳಿಗೆ ಮಾತ್ರ ಎಡೆ ಉಳಿಯಿತು. ಪೂರ್ಣ ಸುಂಕ ಕಟ್ಟಿದರೆ ಉಡುಗೊರೆಯನ್ನು ತರಿಸಲು ಅಡ್ಡಿಯಿಲ್ಲ. ಸುಳ್ಳು ಬೆಲೆ ಬರೆದ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳಲು 1962ರ ಕಸ್ಟಮ್ಸ್ ಕಾಯಿದೆಯಲ್ಲಿ ಅವಕಾಶವಿದೆ. ಸುಳ್ಳು ಬರೆದ ಕೆಲವರಿಂದಾಗಿ, ತವರಿನ ತಂಗಿಗೆ ನಿಜವಾಗಿ ಸೀರೆ ಕಳುಹಿಸುವ ಅಣ್ಣನೂ ಸುಂಕ ತೆರುವಂತಾಯಿತು. ‘ಯಾರಿಗೆ ನಷ್ಟ’ ಎಂಬುದಕ್ಕೆ ಇದು ಮೊದಲ ಉತ್ತರ.

ಬೇರೆ ದೇಶಗಳಲ್ಲಿಯೂ ಹೀಗೆಯೇ ಬಾಗಿಲುಗಳು ಮುಚ್ಚುತ್ತಿವೆ. ಸಣ್ಣ ಪೊಟ್ಟಣಗಳಿಂದ ಸುಂಕ ವಸೂಲು ಮಾಡುವ ಖರ್ಚೇ ಹೆಚ್ಚೆಂದು ಅವನ್ನು ಬಿಟ್ಟುಬಿಡುವ ಪದ್ಧತಿ ಹಲವೆಡೆ ಇತ್ತು. ಯುರೋಪಿನ ಒಕ್ಕೂಟ 22 ಯೂರೋವರೆಗಿನ ತೆರಿಗೆ ವಿನಾಯಿತಿಯನ್ನು 2021ರ ಜುಲೈ 1ರಿಂದ ತೆಗೆಯಿತು. ಅಮೆರಿಕವು 800 ಡಾಲರ್‌ವರೆಗಿನ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿತು. ಆ ಹೊತ್ತಿನಲ್ಲಿ ನಮ್ಮ ಅಂಚೆ ಇಲಾಖೆ ಅಮೆರಿಕಕ್ಕೆ ಪಾರ್ಸೆಲ್ ಸ್ವೀಕರಿಸುವುದನ್ನು ಸ್ವಲ್ಪ ಕಾಲ ನಿಲ್ಲಿಸಿ, ಅಕ್ಟೋಬರಿನಲ್ಲಿ ಮತ್ತೆ ಆರಂಭಿಸಿತು.

ಎರಡನೆಯ ಉತ್ತರ ನಮ್ಮ ಪೇಟೆಯಲ್ಲೇ ಇದೆ. ನನ್ನ ಅಂಗಡಿಯಿಂದ ನಾಲ್ಕು ಬಾಗಿಲಾಚೆ ಒಬ್ಬ ಯುವಕ ಹೊರದೇಶದ ಲೇಖನಿಗಳನ್ನು ಕ್ರಮಬದ್ಧವಾಗಿ ತರಿಸಿ ಮಾರುತ್ತಾನೆ. ಬಾಡಿಗೆ, ಸುಂಕ, ತೆರಿಗೆ ಎಲ್ಲವನ್ನೂ ತೆತ್ತು ದರ ಕಟ್ಟುತ್ತಾನೆ. ಅದೇ ಲೇಖನಿಯನ್ನು ಸುಳ್ಳು ಚೀಟಿಯ ಮೇಲೆ ಅಗ್ಗಕ್ಕೆ ತರಿಸಿದವನು ಉಳಿಸಿದ ಹಣದಲ್ಲಿ ಆ ಯುವಕನ ಅನ್ನದ ಪಾಲೂ ಇದೆ. ಅವನನ್ನು ಕಣ್ಣಾರೆ ಕಾಣುವ ನಾನು ಆ ಹಣವನ್ನು ಲಾಭವೆಂದು ಹೇಗೆ ಬರೆದುಕೊಳ್ಳಲಿ?

ಮೂರನೆಯದು ಒಳಗಿನ ಉತ್ತರ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ವಿರುದ್ಧರಾಜ್ಯಾತಿಕ್ರಮ’ವೂ ಒಂದು. ರಾಜ್ಯದ ಮೇರೆ ಮೀರಿದ ಎಡೆಯಲ್ಲಿ ಬೆಲೆಬಾಳುವ ವಸ್ತುವನ್ನು ಅಲ್ಪಬೆಲೆಗೆ ಪಡೆಯುವ ಯತ್ನವೆಂದು ಪೂಜ್ಯಪಾದರು ಇದನ್ನು ವಿವರಿಸಿದ್ದಾರೆ. ಸಮಂತಭದ್ರರ ರತ್ನಕರಂಡಕದಲ್ಲಿ ಇದರ ಎಡೆಯಲ್ಲಿ ‘ವಿಲೋಪ’ವೆಂಬ ಹೆಸರಿದೆ. ನಮ್ಮ ಹಿರಿಯರು ವರ್ತಕರಾಗಿದ್ದರು; ಕಳ್ಳತನ ಕತ್ತಲಲ್ಲಿ ಕನ್ನ ಕೊರೆಯುವುದಷ್ಟೇ ಅಲ್ಲ, ಗಡಿಯಲ್ಲಿ ಬರೆಯುವ ಚೀಟಿಯಲ್ಲಿಯೂ ಅಡಗಬಲ್ಲದೆಂದು ಬಲ್ಲವರಾಗಿದ್ದರು. ಅಂಚೆಯ ಪೊಟ್ಟಣಕ್ಕೆ ಇಂದು ಅಂಟಿಸುವ ಸಿ.ಎನ್. 22, ಸಿ.ಎನ್. 23 ಎಂಬ ಘೋಷಣಾಪತ್ರಗಳು ಅದೇ ಚೀಟಿ. ಅಲ್ಲಿ ಸಹಿ ಸೋದರಳಿಯನದು, ಸುಳ್ಳಿನ ಫಲ ನನ್ನದು. ತಾನು ಮಾಡದೆ ಮಾಡಿಸಿದರೂ, ಮಾಡಿದ್ದಕ್ಕೆ ಒಪ್ಪಿದರೂ ದೋಷ ತಪ್ಪದೆಂಬುದು ನಮಗೆ ತಿಳಿಯದ ವಿಷಯವಲ್ಲ.

ಹಾಗೆಂದು ನ್ಯಾಯದ ಹೊಣೆ ಕೊಳ್ಳುವವನೊಬ್ಬನದೇ ಅಲ್ಲ. 250 ರೂಪಾಯಿ ಕಟ್ಟಲು 590 ಕೇಳುವವರು ಆ ದರವನ್ನು ಆರ್ಡರ್ ಮಾಡುವ ಮೊದಲೇ ಕಾಣಿಸಬೇಕು. ತೂಕದ ಬಟ್ಟನ್ನು ಮರೆಮಾಚುವುದು ವ್ಯಾಪಾರಿಗೆ ದೋಷವಾದರೆ ದರಪಟ್ಟಿಯನ್ನು ಮರೆಮಾಚುವುದೂ ದೋಷವೇ. ನಾನು ಹಣ ಕಟ್ಟಿ, ಕಸ್ಟಮ್ಸಿಗೆ ಸಲ್ಲಿಸಿದ ಬಿಲ್ ಆಫ್ ಎಂಟ್ರಿಯ ಪ್ರತಿಯನ್ನೂ ಶುಲ್ಕದ ಆಧಾರವನ್ನೂ ಲಿಖಿತವಾಗಿ ಕೇಳಿದೆ. ಪ್ರತಿ ಬಂದಿತು, ಶುಲ್ಕ ಕಡಿಮೆಯಾಗಲಿಲ್ಲ. ಆದರೂ ಕೇಳುವುದು ನಮ್ಮ ಹಕ್ಕು. ಸುಳ್ಳು ಬರೆಯುವುದು ಹಕ್ಕಲ್ಲ.

ಆದುದರಿಂದ ತರಿಸಿಕೊಳ್ಳುವವರಲ್ಲಿ ನನ್ನ ವಿನಂತಿ ಇಷ್ಟು. ದರ ನೋಡುವಾಗ ವಸ್ತುವಿನ ಬೆಲೆಯನ್ನಲ್ಲ, ಮನೆ ಮುಟ್ಟುವ ಬೆಲೆಯನ್ನು ನೋಡಿರಿ. ಸುಂಕ ಬೆಲೆಯಲ್ಲಿ ಸೇರಿದೆಯೋ, ಬಾಗಿಲಲ್ಲಿ ಕೊಡಬೇಕೋ ಎಂದು ಮೊದಲೇ ಕೇಳಿರಿ. ಅಂಚೆ, ಕೊರಿಯರ್ ಎರಡರ ಶುಲ್ಕವನ್ನೂ ಹೋಲಿಸಿರಿ. ಮಾರುವವನು ತಾನಾಗಿಯೇ ಕಡಿಮೆ ಬೆಲೆ ಬರೆಯುತ್ತೇನೆಂದರೆ ಬೇಡವೆನ್ನಿರಿ. ಇಷ್ಟಾದ ಮೇಲೂ ಬೆಲೆ ಭಾರವೆನಿಸಿದರೆ, ಆ ವಸ್ತು ನಿಜವಾಗಿ ಬೇಕೇ ಎಂದು ಇನ್ನೊಮ್ಮೆ ಕೇಳಿಕೊಳ್ಳಿರಿ. ಪರಿಗ್ರಹಕ್ಕೆ ಮಿತಿ ಹಾಕಲು ಹಲವು ದಾರಿಗಳಿವೆ; ಸುಂಕದ ಬಿಲ್ಲೂ ಅವುಗಳಲ್ಲಿ ಒಂದಾದರೆ ಕೊಟ್ಟ ಹಣ ವ್ಯರ್ಥವಾಗದು.