ಬಚ್ಚಲ ನೀರಿನ ಹೂದೋಟ

ವಾಡಿ ಜಂಕ್ಷನ್ನಿನಲ್ಲಿ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವ ಹೊತ್ತಿಗೆ ಬೆಂಗಳೂರು. ಉದ್ಯಾನ ಎಂದರೆ ತೋಟ ಅಲ್ಲವೇ ಮಕ್ಕಳೇ? ಹೆಸರಿಗೆ ತಕ್ಕ ಹಾಗೆ ಅದು ನಮ್ಮನ್ನು ಲಾಲ್‌ಬಾಗಿನ ಊರಿಗೇ ಮುಟ್ಟಿಸುತ್ತದೆ.

ಹೈದರಾಲಿ 1760ರಲ್ಲಿ ಹಾಕಿಸಿದ ತೋಟ ಅದು. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಕ್ಕೂ ಹೂವಿನ ಪ್ರದರ್ಶನ ನಡೆಯುತ್ತದೆ. ನೋಡಲು ಜನಜಾತ್ರೆ. ಆದರೆ ಇಷ್ಟು ದೊಡ್ಡ ತೋಟಕ್ಕೆ ನೀರು ಎಲ್ಲಿಂದ?

ಒಂದು ಪಾಲು ಒಳಚರಂಡಿಯಿಂದ! ಮೂಗು ಮುಚ್ಚಿಕೊಳ್ಳಬೇಡಿ. ಲಾಲ್‌ಬಾಗಿನಲ್ಲಿ ದಿನಕ್ಕೆ 15 ಲಕ್ಷ ಲೀಟರ್ ಕೊಳೆ ನೀರನ್ನು ಶುದ್ಧ ಮಾಡಬಲ್ಲ ಘಟಕವಿದೆ. ಕಬ್ಬನ್ ಪಾರ್ಕಿಗೂ ಅಂಥದೇ ಒಂದಿದೆ. ಮೊದಲು ಜಾಲರಿಯಲ್ಲಿ ಕಸ ಸೋಸುತ್ತಾರೆ. ರಾಡಿ ತಳಕ್ಕೆ ಇಳಿಯುತ್ತದೆ. ಆಮೇಲೆ ನೀರಿಗೆ ಗಾಳಿ ಊದುತ್ತಾರೆ. ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಿಗಳು ಆ ಗಾಳಿಯಲ್ಲಿ ಉಸಿರಾಡುತ್ತ ಕೊಳೆಯನ್ನು ತಿಂದುಹಾಕುತ್ತವೆ. ಕೊನೆಗೆ ಇನ್ನೊಮ್ಮೆ ಸೋಸಿ, ರೋಗಾಣು ಕೊಂದು, ಗಿಡಕ್ಕೆ ಬಿಡುತ್ತಾರೆ.

ಇಷ್ಟಾದರೂ ನೀರಿನಲ್ಲಿ ಸ್ವಲ್ಪ ಸಾರಜನಕ, ಸ್ವಲ್ಪ ರಂಜಕ ಉಳಿಯುತ್ತದೆ. ರೈತರು ದುಡ್ಡು ಕೊಟ್ಟು ತರುವ ಗೊಬ್ಬರದಲ್ಲಿ ಇರುವುದೂ ಇವೇ! ಹಾಗಾಗಿ ಈ ನೀರು ಕುಡಿದ ಗಿಡಕ್ಕೆ ಯೂರಿಯಾ ಕಡಿಮೆ ಸಾಕು. ಲೆಕ್ಕ ತಪ್ಪಿ ಹೆಚ್ಚು ಹಾಕಿದರೆ ಎಲೆಯೇ ಸೊಂಪಾಗಿ ಬೆಳೆದು ಹೂವು ಕಡಿಮೆಯಾಗುತ್ತದೆ.

ಹೂವಿಗೇ ಯಾಕೆ? ಕೊತ್ತಂಬರಿ, ಮೂಲಂಗಿಯನ್ನು ಹಸಿಯಾಗಿ ತಿನ್ನುತ್ತೇವೆ, ಚೆಂಡು ಹೂವನ್ನು ತಿನ್ನುವುದಿಲ್ಲ. ಆದರೂ ಹೂ ಮುಡಿಯುತ್ತೇವೆ, ಮೂಸುತ್ತೇವೆ. ಅದಕ್ಕೇ ನೀರನ್ನು ಮೇಲಿಂದ ಚಿಮ್ಮಿಸದೆ ಬುಡಕ್ಕೆ ಹನಿ ಹನಿಯಾಗಿ ಕೊಡುವುದು ಒಳ್ಳೆಯದು. ತೋಟದಲ್ಲಿ ಕೆಲಸ ಮಾಡಿದವರು ಕೈ ತೊಳೆಯಲೇಬೇಕು.

ಬೆಂಗಳೂರಿನಿಂದ ಇನ್ನೂ ಮುಂದೆ ಹೋದರೆ ವರ್ಷವಿಡೀ ಹರಿಯುವ ನದಿಯಿಲ್ಲದ ಬರದ ಸೀಮೆ ಕೋಲಾರ. ನಗರದಲ್ಲಿ ಶುದ್ಧ ಮಾಡಿದ ನೀರನ್ನು ಅಲ್ಲಿನ ಕೆರೆಗಳಿಗೆ ತುಂಬುವುದೇ ಕೆ.ಸಿ. ವ್ಯಾಲಿ ಯೋಜನೆ. ಗುರಿ ದಿನಕ್ಕೆ 44 ಕೋಟಿ ಲೀಟರ್. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಕೆರೆಯ ನೀರು ನೆಲಕ್ಕೆ ಇಂಗುತ್ತದೆ, ರೈತರು ಬೋರ್‌ವೆಲ್‌ನಿಂದ ಎತ್ತಿಕೊಳ್ಳುತ್ತಾರೆ. ಗುಲಾಬಿ, ಸೇವಂತಿಗೆ ಬೆಳೆಯುವ ಚಿಕ್ಕಬಳ್ಳಾಪುರದ ಕಡೆಗೂ ಇಂಥದೇ ಇನ್ನೊಂದು ಯೋಜನೆ ಹೋಗಿದೆ. ಆದರೆ 2018ರಲ್ಲೇ ಕೆರೆಯಲ್ಲಿ ನೊರೆ ಕಾಣಿಸಿ ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಇನ್ನೂ ಒಂದು ಹಂತ ಶುದ್ಧ ಮಾಡಿಯೇ ಬಿಡಿ ಎಂದು ಅಲ್ಲಿನ ಜನ ಕೇಳುತ್ತಲೇ ಇದ್ದಾರೆ. ಅವರು ಕೇಳುವುದು ಸರಿ. ಅರ್ಧ ತೊಳೆದ ನೀರು ಅರ್ಧ ಕೊಳೆಯೇ.

ಈಗ ನಮ್ಮ ಕಡೆ ನೋಡೋಣ. ಚಿಂಚೋಳಿಯ ಮುಲ್ಲಾಮಾರಿ ಕಾಗಿಣಾ ನದಿಯನ್ನು ಸೇರುತ್ತದೆ. ಕಾಗಿಣಾ ಸೇಡಂ, ಚಿತ್ತಾಪುರ ಸೀಮೆ ದಾಟಿ ಭೀಮೆಗೆ ಕೂಡುತ್ತದೆ. ಮೇಲಿನ ಊರಿನ ಗಟಾರ ನದಿಗೆ ಬಿದ್ದರೆ ಕೆಳಗಿನ ಊರಿನ ಕೊಡಕ್ಕೇ ಬಂತಲ್ಲ! ಅದನ್ನು ತೊಳೆದು ಹೂವಿಗೆ ಬಿಟ್ಟರೆ ನದಿಯೂ ಉಳಿಯುತ್ತದೆ, ಬೇಸಿಗೆಯಲ್ಲಿ ಬೋರ್‌ವೆಲ್ಲಿನ ಸಿಹಿನೀರೂ ಉಳಿಯುತ್ತದೆ. ಒಂದು ಎಚ್ಚರ: ನಮ್ಮ ಕರಿ ಎರೆಭೂಮಿ ನೀರನ್ನು ಬೇಗ ಬಿಡುವುದಿಲ್ಲ, ಸೋಪಿನ ಉಪ್ಪು ಅದರಲ್ಲಿ ಕೂಡುತ್ತ ಹೋಗುತ್ತದೆ. ಆದ್ದರಿಂದ ಮಣ್ಣನ್ನೂ ನೀರನ್ನೂ ಆಗಾಗ ಪರೀಕ್ಷೆ ಮಾಡಿಸಬೇಕು.

ಫರ್ಸಿ ಹಾಸಿದ ಬಚ್ಚಲಿನ ಹಿಂದೆ, ನೀರು ಹೋಗುವ ಕಡೆ, ಮೊದಲೆಲ್ಲ ಏನು ಬೆಳೆಸುತ್ತಿದ್ದರೆಂದು ಮುತ್ಯಾನನ್ನು ಕೇಳಿ. ಬಾಳೆಯೋ ಕಾಬಾಳೆಯೋ ಎಂದಾರು. ನೀವು ಅಕ್ಕಿ, ಬೇಳೆ ತೊಳೆದ ನೀರಿನಿಂದ ಶುರು ಮಾಡಬಹುದು. ಮಳೆಗಾಲದಲ್ಲಿ ಚೆಂಡು ಹೂವಿನ ಬೀಜ ಹಾಕಿ, ಮಳೆ ಬಿಡುವು ಕೊಟ್ಟ ದಿನ ಆ ನೀರನ್ನು ಬುಡಕ್ಕೆ ಹಾಕುತ್ತ ಬನ್ನಿ. ದೀಪಾವಳಿಯ ಲಕ್ಷ್ಮೀಪೂಜೆಗೆ ಮನೆಯ ಹೂವೇ ಸಿಕ್ಕೀತು.