ಲೆಕ್ಕ ತಪ್ಪಿದ್ದು ಎಲ್ಲಿ?

ಎಂಬತ್ತರ ದಶಕದಲ್ಲಿ ಗಲ್ಫಿಗೆ ಹೋದವರ ಮನೆಗಳಿಗೆ ಪತ್ರದ ಜೊತೆ ಕ್ಯಾಸೆಟ್ಟೂ ಬರುತ್ತಿತ್ತು. ಓದು ಬಾರದ ತಾಯಂದಿರಿಗೆ ಅದೇ ಪತ್ರ. ಕರಾವಳಿಯ ಮನೆಗಳಲ್ಲಿ ಇಂಥ ಕ್ಯಾಸೆಟ್‌ಗಳು ಈಗಲೂ ಬಿಸ್ಕತ್ತಿನ ಡಬ್ಬಿಗಳೊಳಗೆ ಬೂಷ್ಟು ಹಿಡಿದು ಕುಳಿತಿರುತ್ತವೆ. ನಮ್ಮ ತಂದೆಯವರು ದಮ್ಮಾಮಿನಿಂದ ಉಮ್ಮನಿಗೆ ಕಳಿಸಿದವುಗಳನ್ನು, ಅವರು ತೀರಿಕೊಂಡ ಮೇಲೆ, ನಾವು ಮೂವರು ಮಕ್ಕಳು ಸೇರಿ ಕಂಪ್ಯೂಟರಿಗೆ ಏರಿಸಿದೆವು. ಒಟ್ಟು 212 ಫೈಲುಗಳು. 1987ರ ಒಂದು ಕ್ಯಾಸೆಟ್ಟಿನ ಟೇಪು ಏರಿಸಿ ಮುಗಿಯುವಷ್ಟರಲ್ಲಿ ತುಂಡಾಯಿತು. ಅದರಲ್ಲಿನ ಮಾತಿಗೆ ಉಳಿದದ್ದು ಆ ಫೈಲೊಂದೇ.

ಫೈಲುಗಳೆಲ್ಲ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಚೆದುರಿದ್ದವು. ಹಳೆಯ ಕಂಪ್ಯೂಟರೊಂದಕ್ಕೆ 4 ಟೆರಾಬೈಟಿನ ನಾಲ್ಕು ಡಿಸ್ಕ್ ಜೋಡಿಸಿ, ಅನ್‌ರೇಡ್ ಎಂಬ ತಂತ್ರಾಂಶ ಹಾಕಿ, ಮನೆಯಲ್ಲೇ ಒಂದು ಸರ್ವರ್ ಮಾಡಿಕೊಂಡೆವು. ಮೂರು ಡಿಸ್ಕುಗಳಲ್ಲಿ ಫೈಲು, ನಾಲ್ಕನೆಯದರಲ್ಲಿ ಪ್ಯಾರಿಟಿ.

ಪ್ಯಾರಿಟಿ ಎಂದರೆ ಸಮ-ಬೆಸದ ಲೆಕ್ಕ. ಡಿಸ್ಕಿನಲ್ಲಿ ಇರುವುದೆಲ್ಲ ಸೊನ್ನೆ ಮತ್ತು ಒಂದು ಮಾತ್ರ. ಮೂರೂ ಡಿಸ್ಕುಗಳ ಒಂದೇ ಸ್ಥಾನದಲ್ಲಿ 1, 0, 1 ಇದ್ದರೆ ಒಂದುಗಳ ಸಂಖ್ಯೆ ಸಮ. ಪ್ಯಾರಿಟಿಯಲ್ಲಿ 0 ಬರೆಯುತ್ತದೆ. ಬೆಸವಾದರೆ 1. ನಾಳೆ ಎರಡನೇ ಡಿಸ್ಕ್ ಸತ್ತರೆ, ಉಳಿದ 1, 1 ಮತ್ತು ಪ್ಯಾರಿಟಿಯ 0 ನೋಡಿ, ಕಳೆದುಹೋದದ್ದು 0 ಎಂದು ಹೇಳಬಹುದು. ಒಂದು ಡಿಸ್ಕ್ ಹೋದರೂ ಏನೂ ಹೋಗುವುದಿಲ್ಲ ಎಂಬ ಧೈರ್ಯ ಬರುವುದು ಇದರಿಂದಲೇ. ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರಲ್ಲಿ ಬರೆದ ಪ್ರಬಂಧದಿಂದ ಪ್ರಸಿದ್ಧವಾದ ವಿಚಾರವಿದು. ಆಗ ಅದು ದೊಡ್ಡ ಕಂಪ್ಯೂಟರುಗಳ ಮಾತಾಗಿತ್ತು, ಈಗ ಅಡುಗೆಮನೆಯ ಅಟ್ಟದ ಮೇಲೂ ಓಡುತ್ತದೆ.

ಪ್ರತಿ ಮಾಡುವ ಕೆಲಸ ನಿಧಾನ. ಪ್ರತಿ ಸಲ ಬರೆಯುವಾಗಲೂ ಹಳೆಯ ಮಾಹಿತಿಯನ್ನೂ ಹಳೆಯ ಪ್ಯಾರಿಟಿಯನ್ನೂ ಓದಿ, ಲೆಕ್ಕ ಹಾಕಿ, ಎರಡನ್ನೂ ಹೊಸದಾಗಿ ಬರೆಯಬೇಕು. ನಾಲ್ಕು ರಾತ್ರಿ ಹಿಡಿಯಿತು. ಐದನೆಯ ರಾತ್ರಿ ತಾಳೆ ನೋಡಲು ಬಿಟ್ಟೆವು. ಬೆಳಿಗ್ಗೆ ಪರದೆಯ ಮೇಲೆ 1,136 ತಪ್ಪುಗಳು!

ಅಂಗಡಿಯ ಇಂಜಿನಿಯರರಿಗೆ ಫೋನು ಮಾಡಿದರೆ, "ತಿದ್ದುವ ಆಯ್ಕೆಗೆ ಗುರುತು ಹಾಕಿ ಇನ್ನೊಮ್ಮೆ ಓಡಿಸಿ, ಸೊನ್ನೆಯಾಗುತ್ತದೆ" ಎಂದರು. ಸೊನ್ನೆಯಾಗುತ್ತಿತ್ತೋ ಏನೋ. ಆದರೆ ತಾಳೆಯಾಗಲಿಲ್ಲ ಎಂದಷ್ಟೇ ಪ್ಯಾರಿಟಿ ಹೇಳುತ್ತದೆ. ತಪ್ಪಿದ್ದು ಯಾರು ಎಂದು ಅದಕ್ಕೆ ಗೊತ್ತಿಲ್ಲ. ತಿದ್ದು ಎಂದರೆ ಡಿಸ್ಕುಗಳೇ ಸರಿ ಎಂದು ನಂಬಿ ಪ್ಯಾರಿಟಿಯನ್ನು ಬದಲಿಸುತ್ತದೆ. ಸುಳ್ಳು ಹೇಳುತ್ತಿರುವುದು ಡಿಸ್ಕಿನ ಕಡೆಯಾದರೆ ಆ ಸುಳ್ಳಿಗೇ ಮುದ್ರೆ ಒತ್ತಿದಂತೆ.

ತಿದ್ದದೆ ಇನ್ನೊಮ್ಮೆ ಓಡಿಸಿದೆವು. ಒಂಬತ್ತು ತಾಸು. ಈ ಬಾರಿ 874, ಅದೂ ಬೇರೆ ಬೇರೆ ಜಾಗಗಳಲ್ಲಿ. ನಮಗೆ ದಾರಿ ತೋರಿದ್ದು ಇದೇ. ಮಳೆಗಾಲದಲ್ಲಿ ಕರೆಂಟು ಹೋಗಿ ಯಂತ್ರ ತಟ್ಟನೆ ನಿಂತರೂ ತಪ್ಪು ಉಳಿಯುವುದುಂಟು. ಆದರೆ ಆ ತಪ್ಪು ಎಷ್ಟು ಸಲ ನೋಡಿದರೂ ಅದೇ ಜಾಗದಲ್ಲಿರುತ್ತದೆ. ಪ್ರತಿ ಸಲ ಜಾಗ ಬದಲಿಸಿದರೆ ಓದುವ ದಾರಿಯಲ್ಲೇ ಏನೋ ಕೆಟ್ಟಿದೆ ಎಂದು ಅರ್ಥ. ಡಿಸ್ಕುಗಳು ತಮ್ಮ ಆರೋಗ್ಯದ ದಾಖಲೆಯನ್ನು ತಾವೇ ಇಟ್ಟುಕೊಳ್ಳುತ್ತವೆ. ಕೆಟ್ಟ ಜಾಗಗಳ ಎಣಿಕೆ ನಾಲ್ಕರಲ್ಲೂ ಸೊನ್ನೆ. ಕೇಬಲ್ ಸಡಿಲವಿದ್ದರೆ ಏರುವ ಸಿ.ಆರ್.ಸಿ. ಎಣಿಕೆಯೂ ಸೊನ್ನೆ. ಉಳಿದದ್ದು ರ‍್ಯಾಮ್. ಮೆಮ್‌ಟೆಸ್ಟನ್ನು ರಾತ್ರಿಯಿಡೀ ಓಡಿಸಿದಾಗ ಎರಡರಲ್ಲಿ ಒಂದು ಪಟ್ಟಿ ಸಿಕ್ಕಿಬಿತ್ತು.

ಅದನ್ನು ಕಿತ್ತ ಮೇಲೆ ತಪ್ಪುಗಳು 41ಕ್ಕೆ ಇಳಿದವು, ಎರಡು ಸಲವೂ ಅದೇ ಜಾಗಗಳಲ್ಲಿ. ನಮಗೆ ನಿಜವಾದ ಭಯ ಹುಟ್ಟಿದ್ದು ಆಗ. ಫೈಲುಗಳೆಲ್ಲ ಆ ಕೆಟ್ಟ ರ‍್ಯಾಮ್ ಮೂಲಕವೇ ಡಿಸ್ಕಿಗೆ ಹೋಗಿದ್ದವಲ್ಲ? ಅಲ್ಲಿ ಕೆಟ್ಟ ಮಾಹಿತಿಯ ಮೇಲೆಯೇ ಲೆಕ್ಕ ಹಾಕಿದರೆ ಪ್ಯಾರಿಟಿ ಚೆನ್ನಾಗಿಯೇ ತಾಳೆಯಾಗುತ್ತದೆ, ಫೈಲು ಮಾತ್ರ ಹಾಳು. ಇದಕ್ಕೆ ಮೂಲದೊಂದಿಗೆ ಹೋಲಿಸುವುದೊಂದೇ ಉಪಾಯ.

ಮೂಲ ಉಳಿದದ್ದು ಉಮ್ಮನಿಂದ. ಲ್ಯಾಪ್‌ಟಾಪ್ ಖಾಲಿ ಮಾಡಿ ಮಾರೋಣವೆಂದು ತಮ್ಮ ಹೇಳಿದಾಗ ಅವರು, "ಹೊಸ ಕೊಡ ಸೋರುತ್ತದಾ ಅಂತ ನೋಡದೆ ಹಳೇದನ್ನು ಗುಜರಿಗೆ ಕೊಡ್ತೀರಾ?" ಎಂದು ತಡೆದಿದ್ದರು. ಕಂಪ್ಯೂಟರ್ ಪುಸ್ತಕಗಳಲ್ಲಿ ಇಷ್ಟು ಸ್ಪಷ್ಟವಾಗಿ ಬರೆದದ್ದನ್ನು ನಾವು ಕಂಡಿಲ್ಲ.

ಎರಡೂ ಕಡೆಯ ಪ್ರತಿಯೊಂದು ಫೈಲಿಗೂ ಚೆಕ್‌ಸಮ್ ತೆಗೆದೆವು. ಫೈಲಿನ ಬೆರಳಚ್ಚು ಎನ್ನಬಹುದಾದ ಸಂಖ್ಯೆ ಅದು. ಒಂದು ಬಿಟ್ ಬದಲಾದರೂ ಬೇರೆಯಾಗುತ್ತದೆ. ಕ್ಯಾಸೆಟ್ಟಿನ ಮೂರು ಫೈಲುಗಳು ಹೊಂದಲಿಲ್ಲ. ಮೂರರಲ್ಲಿ 1987ರದೂ ಒಂದು. ಸರ್ವರಿನ ಪ್ರತಿಯಲ್ಲಿ ತಂದೆಯವರು ಉಮ್ಮನ ಹೆಸರು ಕರೆಯುವಲ್ಲಿ ಒಂದು ಚಿಟಿಕೆ ಸದ್ದು; ಲ್ಯಾಪ್‌ಟಾಪಿನದರಲ್ಲಿ ಅದಿಲ್ಲ.

ಮೂರನ್ನೂ ಮತ್ತೆ ಪ್ರತಿ ಮಾಡಿ, ಮತ್ತೆ ಹೋಲಿಸಿ, ಆಮೇಲಷ್ಟೇ ತಿದ್ದುವ ಗುರುತು ಹಾಕಿದೆವು. ಮುಂದಿನ ತಾಳೆಯಲ್ಲಿ ಸೊನ್ನೆ ಬಂತು. ಆದರೂ ಬೆಂಕಿಗೆ, ಕಳ್ಳರಿಗೆ, ಕೈತಪ್ಪಿ ಅಳಿಸುವವರಿಗೆ ಪ್ಯಾರಿಟಿ ಅಡ್ಡ ಬರುವುದಿಲ್ಲವಾದ್ದರಿಂದ ಇನ್ನೊಂದು ಡಿಸ್ಕಿಗೆ ಎಲ್ಲವನ್ನೂ ಹಾಕಿ, ಚೆಕ್‌ಸಮ್‌ಗಳ ಪಟ್ಟಿಯನ್ನೂ ಜೊತೆಗಿಟ್ಟು ತಂಗಿಯ ಕೈಗೆ ಕೊಟ್ಟೆವು. ಅದೀಗ ಭಟ್ಕಳದಲ್ಲಿ, ಅವಳ ಗಾಡ್ರೇಜಿನಲ್ಲಿದೆ.